ಮುಕ್ತ ಸಮುದ್ರಕ್ಕಾಗಿ ಮುಚ್ಚಿದ ಬಾಗಿಲಿನ ಮುಂದೆ: ಒಬ್ಬ ವೀಕ್ಷಕನ ಅನುಭವ

ಯಾವ ದೇಶದ ವ್ಯಾಪ್ತಿಗೂ ಸೇರದ ಸಮುದ್ರದ ಜೀವವೈವಿಧ್ಯವನ್ನು ಕಾಪಾಡುವ ಒಪ್ಪಂದವು 2023ರ ಜೂನ್ 19ರಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅಂಗೀಕಾರವಾಯಿತು. ಆ ಒಪ್ಪಂದದ ಕರಡು ಕೊನೆಯ ರೂಪಕ್ಕೆ ಬಂದ ಫೆಬ್ರವರಿ–ಮಾರ್ಚ್ ಅಧಿವೇಶನದಲ್ಲಿ ನಾನು ಒಂದು ಸ್ವಯಂಸೇವಾ ಸಂಸ್ಥೆಯ ಪರವಾಗಿ ವೀಕ್ಷಕನಾಗಿ ಕುಳಿತಿದ್ದೆ. ಕುಳಿತಿದ್ದೆ ಎಂಬುದಕ್ಕಿಂತ ನಿಂತಿದ್ದೆ ಎನ್ನುವುದು ಹೆಚ್ಚು ಸರಿ, ಏಕೆಂದರೆ ಎರಡನೆಯ ವಾರದ ಬಹುಪಾಲು ಸಮಯ ಕಳೆದದ್ದು ಮುಚ್ಚಿದ ಬಾಗಿಲುಗಳ ಹೊರಗಿನ ಓಣಿಯಲ್ಲಿ. ಹೊರಡುವ ಮೊದಲು ಯಾರಾದರೂ ಹೇಳಿದ್ದರೆ ಎಷ್ಟೋ ಹಣವೂ ನಿದ್ದೆಯೂ ಉಳಿಯುತ್ತಿತ್ತು ಎನ್ನಿಸಿದ ಸಂಗತಿಗಳನ್ನು, ಮುಂದೆ ಇಂಥ ಸಭೆಗಳಿಗೆ ಹೋಗುವವರಿಗಾಗಿ, ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ನನ್ನ ಮನೆ ಗಂಗೊಳ್ಳಿಯ ಹತ್ತಿರ. ಚಿಕ್ಕಪ್ಪ ಮೂವತ್ತು ವರ್ಷ ದೋಣಿಯಲ್ಲಿ ದುಡಿದವರು. ನಾನು ಕಾನೂನು ಓದಿ ಸಮುದ್ರದ ಕಾನೂನಿನ ಬೆನ್ನು ಹತ್ತಿದಾಗ ಅವರು ಕೇಳಿದ ಒಂದೇ ಪ್ರಶ್ನೆ ಇಂದಿಗೂ ನನಗೆ ಈ ವಿಷಯದ ಅತ್ಯಂತ ನೇರವಾದ ಪ್ರಶ್ನೆಯಾಗಿ ಕಾಣುತ್ತದೆ: "ಅಷ್ಟ್ ದೂರದ ನೀರಿಗೆ ಕಾವಲು ಕೂಪುದ್ ಯಾರ್ ಮಾರಾಯ?" ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರಿನವರೆಗೆ ಆಯಾ ದೇಶದ ವಿಶೇಷ ಆರ್ಥಿಕ ವಲಯ. ಅದರಾಚೆಯದು ಮುಕ್ತ ಸಮುದ್ರ. ಜಗತ್ತಿನ ಸಮುದ್ರದಲ್ಲಿ ಮೂರನೆಯ ಎರಡು ಪಾಲು ಹೀಗೆ ಯಾರದೂ ಅಲ್ಲದ ನೀರು. ಅಲ್ಲಿ ಮೀನುಗಾರಿಕೆಗೆ ಪ್ರಾದೇಶಿಕ ಸಂಸ್ಥೆಗಳಿವೆ, ಹಡಗು ಸಂಚಾರಕ್ಕೆ ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಇದೆ, ತಳದ ಖನಿಜಗಳಿಗೆ ಜಮೈಕಾದಲ್ಲಿ ಒಂದು ಪ್ರಾಧಿಕಾರವಿದೆ. ಆದರೆ ಇಡೀ ಜೀವಲೋಕವನ್ನು ಒಟ್ಟಾಗಿ ನೋಡಿ "ಈ ಜಾಗವನ್ನು ಕಾಯ್ದಿಡೋಣ" ಎಂದು ಜಗತ್ತಿನ ಎಲ್ಲ ದೇಶಗಳೂ ಕೂಡಿ ತೀರ್ಮಾನಿಸುವ ವೇದಿಕೆ ಇರಲಿಲ್ಲ. ದಕ್ಷಿಣ ಧ್ರುವದ ಸುತ್ತಲಿನ ರಾಸ್ ಸಮುದ್ರದಲ್ಲಿ 2016ರಲ್ಲಿ ದೊಡ್ಡ ರಕ್ಷಿತ ವಲಯ ಘೋಷಣೆಯಾಯಿತು, ನಿಜ. ಅದು ಆ ಭಾಗಕ್ಕೆಂದೇ ಇರುವ ಆಯೋಗವೊಂದು ವರ್ಷಗಟ್ಟಲೆ ಹೆಣಗಿ ಸಾಧಿಸಿದ್ದು. ಉಳಿದ ಕಡೆಗೆ ಅದರ ಕೈ ಚಾಚುವುದಿಲ್ಲ.

ಮಾತುಕತೆಯ ಹಿನ್ನೆಲೆ ದೀರ್ಘವಾದದ್ದು. 2004ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಂದು ಅನೌಪಚಾರಿಕ ಕಾರ್ಯತಂಡವನ್ನು ರಚಿಸಿತು. 2011ರಲ್ಲಿ ನಾಲ್ಕು ವಿಷಯಗಳ ಗಂಟೊಂದನ್ನು ಕಟ್ಟಿಕೊಳ್ಳಲಾಯಿತು: ಸಮುದ್ರದ ಆನುವಂಶಿಕ ಸಂಪನ್ಮೂಲ (ಅಲ್ಲಿಯ ಜೀವಿಗಳ ವಂಶವಾಹಿ ಸಾಮಗ್ರಿ) ಮತ್ತು ಅದರ ಲಾಭದ ಹಂಚಿಕೆ, ರಕ್ಷಿತ ಪ್ರದೇಶಗಳು, ಪರಿಸರ ಪರಿಣಾಮದ ಮೌಲ್ಯಮಾಪನ, ಬಡ ದೇಶಗಳ ಸಾಮರ್ಥ್ಯವರ್ಧನೆ ಮತ್ತು ತಂತ್ರಜ್ಞಾನದ ವರ್ಗಾವಣೆ. 2016 ಮತ್ತು 2017ರಲ್ಲಿ ಪೂರ್ವಸಿದ್ಧತಾ ಸಮಿತಿ ಕೂಡಿತು. 2018ರ ಸೆಪ್ಟೆಂಬರಿನಲ್ಲಿ ಅಧಿಕೃತ ಸಮ್ಮೇಳನ ಆರಂಭವಾಯಿತು. ನಾಲ್ಕನೆಯ ಅಧಿವೇಶನ ಕೊರೊನಾ ಕಾರಣದಿಂದ ಎರಡು ವರ್ಷ ಮುಂದೆ ಹೋಗಿ 2022ರ ಮಾರ್ಚಿನಲ್ಲಿ ನಡೆಯಿತು. ಆಗಸ್ಟಿನ ಐದನೆಯದೇ ಕೊನೆಯದೆಂದು ಎಲ್ಲರೂ ನಂಬಿದ್ದರು.

ಆ ಆಗಸ್ಟಿನ ಅಧಿವೇಶನವನ್ನು ನಾನು ಮನೆಯಿಂದಲೇ ವಿಶ್ವಸಂಸ್ಥೆಯ ಜಾಲ ಪ್ರಸಾರದಲ್ಲಿ ನೋಡಿದೆ. ಅಲ್ಲಿಯ ಬೆಳಿಗ್ಗೆ ಹತ್ತು ನಮ್ಮ ಸಂಜೆ ಏಳೂವರೆ. ಅಲ್ಲಿಯ ಮಧ್ಯಾಹ್ನದ ಅಧಿವೇಶನ ಮೊದಲಾಗುವಾಗ ಇಲ್ಲಿ ರಾತ್ರಿ ಹನ್ನೆರಡೂವರೆ. ಎರಡು ವಾರ ಹಾಗೆ ರಾತ್ರಿಗಳನ್ನು ಕಳೆದ ಮೇಲೆ 26ರಂದು ಒಮ್ಮತವಾಗದೆ ಅಧಿವೇಶನವನ್ನು ಅಮಾನತಿನಲ್ಲಿಟ್ಟರು. ತೆರೆಯ ಮೇಲೆ ಕಾಣುವುದು ಔಪಚಾರಿಕ ಭಾಷಣಗಳು ಮಾತ್ರ, ಗಂಟು ಬಿಚ್ಚುವುದೂ ಬಿಗಿಯುವುದೂ ಬೇರೆ ಕೋಣೆಗಳಲ್ಲಿ ಎಂಬುದು ಅರಿವಾದದ್ದು ಆಗ. ಮುಂದಿನ ಸಲ ಹೋಗಲೇಬೇಕೆಂದು ತೀರ್ಮಾನಿಸಿದೆ.

ಮೊದಲನೆಯ ತೊಡಕು ವೀಸಾ. ಸರ್ಕಾರದ ಪ್ರತಿನಿಧಿಗಳಿಗೆ ಬೇರೆ ದಾರಿಯಿದೆ. ಸ್ವಯಂಸೇವಾ ಸಂಸ್ಥೆಯ ವೀಕ್ಷಕರು ಸಾಮಾನ್ಯ ವ್ಯವಹಾರ ಪ್ರವಾಸದ ಬಿ-1 ವೀಸಾವನ್ನೇ ಪಡೆಯಬೇಕು. ಆಗ ಬೆಂಗಳೂರಿನಲ್ಲಿ ಅಮೆರಿಕದ ವೀಸಾ ಕಚೇರಿ ಇರದ ಕಾರಣ ನಾವು ಹೊರರಾಜ್ಯಕ್ಕೇ ಹೋಗಬೇಕಿತ್ತು, ಅದೂ ಬೆರಳಚ್ಚು ಕೊಡಲು ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. 2022ರ ಅಕ್ಟೋಬರಿನಲ್ಲಿ ನಾನು 160 ಡಾಲರ್ ಶುಲ್ಕ ಕಟ್ಟಿ ದಿನಾಂಕಕ್ಕಾಗಿ ಹುಡುಕಿದಾಗ ಮೊದಲ ಬಾರಿ ಅರ್ಜಿ ಹಾಕುವವರಿಗೆ ಸಿಗುತ್ತಿದ್ದದ್ದು ಎರಡು ವರ್ಷದ ಆಚೆಯ ದಿನ. ಕೊರೊನಾ ಕಾಲದ ಬಾಕಿ ಅರ್ಜಿಗಳ ರಾಶಿ ಆಗ ದೇಶದುದ್ದಕ್ಕೂ ಹಾಗಿತ್ತು. ಈ ಶುಲ್ಕ 2023ರ ಜೂನ್ 17ರಿಂದ 185 ಡಾಲರ್ ಆಯಿತು ಎಂಬುದನ್ನು ಗಮನಿಸಿ.

ಇಲ್ಲಿ ಮಾಡಬೇಕಾದದ್ದು ಇಷ್ಟು: ಎಷ್ಟೇ ದೂರದ್ದಾದರೂ ಸಿಕ್ಕ ದಿನಾಂಕವನ್ನು ಮೊದಲು ಕಾಯ್ದಿರಿಸಬೇಕು, ಅನಂತರ ತುರ್ತು ಭೇಟಿಗೆ ಕೋರಿಕೆ ಸಲ್ಲಿಸಬೇಕು. ಆ ಕೋರಿಕೆಯನ್ನು ಪದೇ ಪದೇ ಹಾಕಿದರೆ ಬೆಲೆಯಿರುವುದಿಲ್ಲ, ಕೈಯಲ್ಲಿ ಪುರಾವೆ ಬಂದ ಮೇಲೆ ಒಮ್ಮೆ ಸರಿಯಾಗಿ ಹಾಕು ಎಂದು ಹಿಂದೆ ಹೋಗಿ ಬಂದವರೊಬ್ಬರು ಎಚ್ಚರಿಸಿದ್ದರು. ಪುರಾವೆ ಎಂದರೆ ಸಮ್ಮೇಳನಕ್ಕೆ ನೋಂದಣಿ ದೃಢವಾಗಿದೆ ಎಂಬ ಪತ್ರ. ಅದು ಬರಬೇಕಾದರೆ ಅಧಿವೇಶನದ ದಿನಾಂಕ ನಿಗದಿಯಾಗಬೇಕು, ಸಂಸ್ಥೆಯು ತನ್ನ ಮುದ್ರಿತ ತಲೆಬರಹದ ಹಾಳೆಯಲ್ಲಿ ಪ್ರತಿನಿಧಿಗಳ ಹೆಸರನ್ನು ಕಳಿಸಬೇಕು, ವಿಶ್ವಸಂಸ್ಥೆಯ ನೋಂದಣಿ ಜಾಲತಾಣದಲ್ಲಿ ಪ್ರತಿಯೊಬ್ಬರೂ ಖಾತೆ ತೆರೆದು ಭಾವಚಿತ್ರ ಏರಿಸಬೇಕು. ನನಗೆ ದೃಢೀಕರಣ ಬಂದದ್ದು ಜನವರಿಯ ಮಧ್ಯದಲ್ಲಿ. ಅಲ್ಲಿಯವರೆಗಿನ ಮೂರು ತಿಂಗಳು, ವಿಮಾನದ ಟಿಕೆಟ್ ದರ ದಿನದಿನಕ್ಕೆ ಏರುವುದನ್ನು ನೋಡುತ್ತಾ ಸುಮ್ಮನೆ ಕೂರುವುದು ಸುಲಭವಾಗಿರಲಿಲ್ಲ. ಸಂದರ್ಶನ ಫೆಬ್ರವರಿ ಮೊದಲ ವಾರದಲ್ಲಿ ಆಯಿತು. ಕೇಳಿದ್ದು ಮೂರೇ ಪ್ರಶ್ನೆ: ಯಾವ ಸಭೆ, ಖರ್ಚು ಯಾರದು, ಮರಳಿ ಬಂದು ಏನು ಮಾಡುತ್ತೀರಿ. ಒಯ್ದಿದ್ದ ಎರಡು ಕಡತಗಳಲ್ಲಿ ಒಂದು ಹಾಳೆಯನ್ನೂ ಅವರು ಮುಟ್ಟಲಿಲ್ಲ.

ಎರಡನೆಯ ತೊಡಕನ್ನು ನಾನೇ ಕಟ್ಟಿಕೊಂಡದ್ದು, ಮತ್ತು ನಮ್ಮ ಕಡೆಯವರಲ್ಲಿ ಅನೇಕರಿಗೆ ಇದು ಕಾದಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ. ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇರುವ ನಮ್ಮಂಥವರಿಗೆ ಇದು ಹೊಸತಲ್ಲ. ಅಮೆರಿಕದ ವೀಸಾ ಅರ್ಜಿಯಲ್ಲಿ ಹೀಗಿದ್ದಾಗ ಇರುವ ಒಂದೇ ಹೆಸರನ್ನು ಕುಲನಾಮದ ಜಾಗದಲ್ಲಿ ಬರೆದು, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ತುಂಬಬೇಕು. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪವಂತೆ ಅದು. ವೀಸಾದ ಮೇಲೆ ಅದು ಹಾಗೆಯೇ ಅಚ್ಚಾಗಿ ಬರುತ್ತದೆ. ಆದರೆ ಅದಕ್ಕೂ ಮೊದಲೇ ಸಮ್ಮೇಳನದ ನೋಂದಣಿಯಲ್ಲಿ ಕುಲನಾಮವಿಲ್ಲದೆ ಮುಂದಿನ ಪುಟಕ್ಕೆ ಹೋಗಲಾಗದೆ ನಾನು ತಂದೆಯ ಹೆಸರನ್ನು ಸೇರಿಸಿದ್ದೆ. ಪರಿಣಾಮವಾಗಿ ಪಾಸ್‌ಪೋರ್ಟಿನಲ್ಲಿ ಒಬ್ಬ, ವೀಸಾದಲ್ಲಿ ಇನ್ನೊಬ್ಬ, ನೋಂದಣಿ ಪತ್ರದಲ್ಲಿ ಮತ್ತೊಬ್ಬನಾಗಿ, ಅಧಿವೇಶನದ ಮೊದಲ ದಿನ ಬೆಳಿಗ್ಗೆ 45ನೇ ಬೀದಿಯ ಪಾಸ್ ಕಚೇರಿಯ ಸರತಿಯಲ್ಲಿ ನಿಂತಿದ್ದೆ. ಕಿಟಕಿಯ ಆಚೆಗಿದ್ದ ಮಹಿಳೆ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ನನ್ನ ಮುಖ ನೋಡಿದರು. ಸಂಸ್ಥೆಯ ಮುಖ್ಯಸ್ಥೆ ಬಂದು, ತಿದ್ದಿದ ಪತ್ರವನ್ನು ಮಿಂಚಂಚೆಯಲ್ಲಿ ಕಳಿಸಿ, ಪಾಸು ಕೈಗೆ ಬರುವ ಹೊತ್ತಿಗೆ ಉದ್ಘಾಟನಾ ಸಭೆ ಮುಗಿದಿತ್ತು. ಆದ್ದರಿಂದ ಎಲ್ಲ ಅರ್ಜಿಗಳಲ್ಲೂ ಹೆಸರನ್ನು ಪಾಸ್‌ಪೋರ್ಟಿನಲ್ಲಿದ್ದಂತೆಯೇ ತುಂಬಿ. ಸಾಧ್ಯವಿದ್ದರೆ ವರ್ಷಕ್ಕೆ ಮೊದಲೇ ಪಾಸ್‌ಪೋರ್ಟಿನಲ್ಲಿ ಕುಲನಾಮ ಸೇರಿಸಿಕೊಳ್ಳಿ.

ಖರ್ಚಿನ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಅಭಿವೃದ್ಧಿಶೀಲ ದೇಶಗಳ ಸರ್ಕಾರಿ ಪ್ರತಿನಿಧಿಗಳಿಗಾಗಿ ವಿಶ್ವಸಂಸ್ಥೆಯಲ್ಲಿ ಸ್ವಯಂಪ್ರೇರಿತ ನಿಧಿಯೊಂದಿದೆ. ನಮಗೆ ಅದು ಸಿಗುವುದಿಲ್ಲ. ಟಿಕೆಟ್ಟಿಗೆ 95,000 ರೂಪಾಯಿ ಆಯಿತು. ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ ಇಬ್ಬರು ಹಂಚಿಕೊಂಡ ಕೋಣೆ ಹದಿನೈದು ರಾತ್ರಿಗೆ ನನ್ನ ಪಾಲಿಗೆ ಸುಮಾರು 56,000. ವಿಶ್ವಸಂಸ್ಥೆಯ ಅಕ್ಕಪಕ್ಕದಲ್ಲಿ ಅಷ್ಟು ಹಣಕ್ಕೆ ನಾಲ್ಕು ರಾತ್ರಿಯೂ ಸಿಗುತ್ತಿರಲಿಲ್ಲ. ಅಲ್ಲಿಂದ ಏಳನೇ ನಂಬರಿನ ರೈಲು ಹಿಡಿದು ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ಇಳಿದರೆ ಪೂರ್ವಕ್ಕೆ ಕಾಲು ಗಂಟೆಯ ನಡಿಗೆ. ರೈಲಿನ ದರ ಆಗ ಒಂದು ಸಲಕ್ಕೆ 2.75 ಡಾಲರ್ ಇತ್ತು, ಒಂದೇ ಕಾರ್ಡನ್ನು ಯಂತ್ರಕ್ಕೆ ತಾಕಿಸುತ್ತಾ ಹೋದರೆ ವಾರಕ್ಕೆ 33 ಡಾಲರ್ ದಾಟಿದ ಮೇಲೆ ಹಣ ಹಿಡಿಯುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಮೊದಲ ವಾರ ಮುಗಿದ ಮೇಲೆ. ಜಾಕ್ಸನ್ ಹೈಟ್ಸ್‌ನಲ್ಲಿ ಭಾರತದ ದಿನಸಿ ಅಂಗಡಿಗಳು ಬೇಕಾದಷ್ಟಿವೆ. ದಿನವೂ ಬೆಳಿಗ್ಗೆ ಅವಲಕ್ಕಿ ಕಲಸಿ ಡಬ್ಬಿಯಲ್ಲಿ ಒಯ್ಯುತ್ತಿದ್ದೆ. ಆಗಿನ್ನೂ ಅಮೆರಿಕ ಪ್ರವೇಶಕ್ಕೆ ಕೊರೊನಾ ಲಸಿಕೆಯ ಪ್ರಮಾಣಪತ್ರ ಬೇಕಿತ್ತು, ಈಗ ಬೇಕಿಲ್ಲ.

ಮೊದಲ ವಾರ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಅಧ್ಯಕ್ಷೆ ಸಿಂಗಪುರದ ರೆನಾ ಲೀ. ಅವರ ಕೆಳಗೆ ಒಂದೊಂದು ವಿಷಯಕ್ಕೂ ಒಬ್ಬೊಬ್ಬ ಸಂಯೋಜಕರು. ಆನುವಂಶಿಕ ಸಂಪನ್ಮೂಲದ ಕಠಿಣ ಭಾಗವನ್ನು ಬೆಲೀಜ್ ದೇಶದ ಜನೀನ್ ಕೋಯ್-ಫೆಲ್ಸನ್ ನಡೆಸುತ್ತಿದ್ದರು. ವೀಕ್ಷಕರಿಗೆ ಸಭಾಂಗಣದ ಹಿಂದಿನ ಸಾಲುಗಳು. ದೇಶಗಳು ಮಾತಾಡಿ, ಅಂತರ್ಸರ್ಕಾರಿ ಸಂಸ್ಥೆಗಳು ಮಾತಾಡಿ, ಸಮಯ ಉಳಿದರೆ ನಮಗೆ ಎರಡು ನಿಮಿಷ. ಬಹಳಷ್ಟು ಸಲ ಸಮಯ ಉಳಿಯುವುದಿಲ್ಲ. ಆದ್ದರಿಂದ ಬರೆದುಕೊಂಡು ಹೋದ ಭಾಷಣಕ್ಕಿಂತ, ಒಂದು ವಿಧಿಗೆ ನಿಮ್ಮ ಸಲಹೆಯ ಪದಗಳನ್ನು ಅರ್ಧ ಪುಟದಲ್ಲಿ ಅಚ್ಚುಮಾಡಿ ಒಯ್ಯುವುದು ಒಳ್ಳೆಯದು. ಚಿಕ್ಕ ದ್ವೀಪರಾಷ್ಟ್ರಗಳ ನಿಯೋಗಗಳಲ್ಲಿ ಒಮ್ಮೊಮ್ಮೆ ಇರುವುದೇ ಇಬ್ಬರು, ಅವರೇ ನಾಲ್ಕು ಕೋಣೆಗಳಿಗೆ ಓಡಬೇಕು. ಅಂಥವರು ಆ ಅರ್ಧ ಪುಟವನ್ನು ನಿಜಕ್ಕೂ ಓದುತ್ತಾರೆ.

ಕರಡನ್ನು ಓದುವ ವಿದ್ಯೆಯನ್ನು ಮೊದಲೇ ಕಲಿತು ಹೋಗಬೇಕು. ಎ/ಕಾನ್ಫ್.232 ಎಂದು ಆರಂಭವಾಗುವ ಸಂಖ್ಯೆಯ ಕಾಗದಗಳೆಲ್ಲ ಈ ಸಮ್ಮೇಳನದವು. ವರ್ಷ ಮತ್ತು ಕ್ರಮಸಂಖ್ಯೆ ನೋಡಿ ಇತ್ತೀಚಿನದು ಯಾವುದೆಂದು ಖಚಿತಪಡಿಸಿಕೊಳ್ಳದೆ ಟಿಪ್ಪಣಿ ಬರೆಯಲು ಕೂರಬಾರದು. ನಾನು ಒಂದಿಡೀ ಸಂಜೆ ಹಳೆಯ ಕರಡಿನ ಮೇಲೆ ಕೆಂಪು ಶಾಯಿ ಸುರಿದು ಕೂತಿದ್ದೆ. ಕರಡಿನ ತುಂಬ ಚೌಕ ಆವರಣಗಳು. ಆವರಣದೊಳಗಿರುವುದು ಇನ್ನೂ ಒಪ್ಪಿಗೆಯಾಗದ ಮಾತು. ಒಂದೇ ವಾಕ್ಯದಲ್ಲಿ "ಮಾಡತಕ್ಕದ್ದು" ಮತ್ತು "ಮಾಡಬಹುದು" ಎರಡೂ ಪಕ್ಕಪಕ್ಕದ ಆವರಣಗಳಲ್ಲಿ ಕೂತಿರುತ್ತವೆ, ಗದ್ದೆಯ ಬದುವಿಗೆ ಜಗಳಾಡುವ ದಾಯಾದಿಗಳ ಹಾಗೆ. ತೆರೆಯ ಮೇಲೆ ಕರಡನ್ನು ಮೂಡಿಸಿ, ಸಂಯೋಜಕರು ಒಂದೊಂದು ಆವರಣದ ಮುಂದೆ ನಿಂತು, ಇದನ್ನು ತೆಗೆಯಬಹುದೇ ಎಂದು ಕೇಳುತ್ತಾರೆ. ಕೋಣೆ ಸುಮ್ಮನಿರುತ್ತದೆ. ಆ ನಿಶ್ಶಬ್ದದಲ್ಲಿ ಒಂದು ದೇಶ ತನ್ನ ನಾಮಫಲಕವನ್ನು ನೆಟ್ಟಗೆ ನಿಲ್ಲಿಸಿತೆಂದರೆ ಆವರಣ ಉಳಿಯಿತು ಎಂದರ್ಥ. ಯಾರೂ ನಿಲ್ಲಿಸದೆ, ತೆರೆಯ ಮೇಲಿನ ಎರಡು ಗೆರೆಗಳು ಅಳಿಸಿಹೋದಾಗ ಹಿಂದಿನ ಸಾಲಿನಲ್ಲಿ ನಾವು ಉಸಿರು ಬಿಡುತ್ತಿದ್ದೆವು.

ನಾನು ರಕ್ಷಿತ ಪ್ರದೇಶಗಳ ಭಾಗವೊಂದನ್ನೇ ಹಿಡಿದುಕೊಂಡಿದ್ದೆ. ಎಲ್ಲವನ್ನೂ ನೋಡಲು ಹೋಗುವವರು ಏನನ್ನೂ ನೋಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಈ ಭಾಗದ ತಿರುಳು ಎರಡು ಪ್ರಶ್ನೆಗಳಲ್ಲಿತ್ತು. ರಕ್ಷಿತ ಪ್ರದೇಶವನ್ನು ಎಲ್ಲರ ಒಮ್ಮತದಿಂದಲೇ ಘೋಷಿಸಬೇಕೇ, ಒಮ್ಮತ ಸಿಗದಾಗ ಮತಕ್ಕೆ ಹಾಕಬಹುದೇ ಎಂಬುದು ಒಂದು. ಮೀನುಗಾರಿಕೆ, ಹಡಗು, ಗಣಿಗಾರಿಕೆಗಳಿಗೆ ಈಗಾಗಲೇ ಇರುವ ಸಂಸ್ಥೆಗಳ ಅಧಿಕಾರವನ್ನು ಹೊಸ ಒಪ್ಪಂದ ಕುಂದಿಸಬಾರದು ಎಂಬ ಷರತ್ತನ್ನು ಎಲ್ಲಿಯವರೆಗೆ ಎಳೆಯಬೇಕು ಎಂಬುದು ಇನ್ನೊಂದು. ಒಮ್ಮತವೇ ಬೇಕೆಂದರೆ ಒಂದು ದೇಶದ ತಡೆಯಿಂದ ಎಲ್ಲವೂ ನಿಲ್ಲುತ್ತದೆ. ದಕ್ಷಿಣ ಧ್ರುವದ ಆಯೋಗದಲ್ಲಿ ರಾಸ್ ಸಮುದ್ರದ ನಂತರದ ಪ್ರಸ್ತಾಪಗಳು ವರ್ಷಗಳಿಂದ ಹಾಗೆಯೇ ನಿಂತಿವೆ.

ನಮ್ಮ ಹಿಂದೂ ಮಹಾಸಾಗರದ ಸಾಯಾ ಡಿ ಮಲ್ಹಾ ದಿಬ್ಬವನ್ನು ನೆನೆದರೆ ಈ ಎರಡನೆಯ ಪ್ರಶ್ನೆಯ ಬಿಕ್ಕಟ್ಟು ತಿಳಿಯುತ್ತದೆ. ಸಮುದ್ರದ ನಡುವೆ, ಆಳವಿಲ್ಲದ ನೀರಿನಲ್ಲಿ, ಬಹು ವಿಶಾಲವಾದ ಸಮುದ್ರಹುಲ್ಲಿನ ಬಯಲು ಅದು. ಅಡಿಯ ನೆಲದ ಮೇಲೆ ಮಾರಿಷಸ್ ಮತ್ತು ಸೀಶೆಲ್ಸ್ ದೇಶಗಳಿಗೆ ಜಂಟಿ ಹಕ್ಕಿದೆ, ಮೇಲಿನ ನೀರು ಯಾರದೂ ಅಲ್ಲ. ಹುಲ್ಲು ನೆಲದ್ದೋ ನೀರಿನದ್ದೋ ಎಂದು ಮೀನು ಕೇಳುವುದಿಲ್ಲ. ಅರಬ್ಬಿ ಸಮುದ್ರದ ಹೊರಭಾಗದಲ್ಲಿ ದೂರದ ದೇಶಗಳ ಹಡಗುಗಳು ಬೊಂಡಾಸು (ಸ್ಕ್ವಿಡ್) ಹಿಡಿಯುತ್ತವೆ, ಅದಕ್ಕೆ ಹೇಳಿಕೊಳ್ಳುವಂಥ ನಿಯಂತ್ರಣವಿಲ್ಲ ಎಂದು ಚಿಕ್ಕಪ್ಪನಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. ನಮ್ಮ ದೋಣಿಗಳಿಗೆ ಮಳೆಗಾಲದಲ್ಲಿ ರಜೆ, ಬಲೆಯ ಕಣ್ಣಿಗೆ ಅಳತೆ, ಅಲ್ಲಿ ಯಾವುದೂ ಇಲ್ಲವೇ ಎಂಬುದು ಆ ನಗೆಯ ಅರ್ಥ.

ಎರಡನೆಯ ವಾರದ ಮಂಗಳವಾರ ಬೆಳಿಗ್ಗೆ ನ್ಯೂಯಾರ್ಕಿನಲ್ಲಿ ಹಿಮ ಬಿದ್ದಿತ್ತು. ಆ ಚಳಿಗಾಲದಲ್ಲಿ ಅಲ್ಲಿ ಹಿಮವೇ ಅಪರೂಪವಂತೆ. ಒದ್ದೆಯಾದ ಬೂಟಿನಲ್ಲಿ ಒಳಗೆ ಬಂದು ದಿನದ ಕಾರ್ಯಕ್ರಮ ನೋಡಿದರೆ ನನ್ನ ಕೋಣೆಯ ಮುಂದೆ "ಮುಚ್ಚಿದ ಸಭೆ" ಎಂದಿತ್ತು. ಅಲ್ಲಿಂದಾಚೆ ಮುಖ್ಯ ಮಾತುಕತೆಗಳೆಲ್ಲ ಚಿಕ್ಕ ಗುಂಪುಗಳಿಗೆ ಸರಿದವು. ನಿಯೋಗಗಳಿಗೂ ಅಲ್ಲಿ ಕುರ್ಚಿಗಳ ಮಿತಿ, ವೀಕ್ಷಕರಿಗೆ ಪ್ರವೇಶವೇ ಇಲ್ಲ. ಇದು ತಪ್ಪೆಂದು ಒಮ್ಮೆಗೇ ಹೇಳಲಾರೆ: ಎಲ್ಲರ ಎದುರಿಗೆ ಬಿಟ್ಟುಕೊಡಲಾಗದ್ದನ್ನು ನಾಲ್ಕು ಜನರ ನಡುವೆ ಬಿಟ್ಟುಕೊಡಬಹುದು. ಆದರೆ ಎರಡು ದಶಕ ಈ ವಿಷಯಕ್ಕೆ ಬೆವರು ಸುರಿಸಿದ ವಿಜ್ಞಾನಿಗಳೂ ನನ್ನ ಪಕ್ಕದಲ್ಲೇ ಕಾಫಿಯ ಕಾಗದದ ಲೋಟ ಹಿಡಿದು ನಿಂತದ್ದನ್ನು ಕಂಡಾಗ ಕಸಿವಿಸಿಯಾಯಿತು.

ಹೊರಗೆ ನಿಂತವರಿಗೆ ಕೆಲಸವಿಲ್ಲ ಎಂದುಕೊಳ್ಳಬೇಡಿ. ತಳಮಹಡಿಯ ವಿಯೆನ್ನಾ ಕೆಫೆ ಸಭಾಂಗಣಗಳ ಬಾಗಿಲಿಗೆ ಹತ್ತಿರ. ಹೊರಬರುವ ಪ್ರತಿನಿಧಿಗಳು ಕಾಫಿಗೆ ನಿಲ್ಲುವುದು ಅಲ್ಲಿ. ಅವರನ್ನು ಏನಾಯಿತು ಎಂದು ಕೇಳಬಾರದು, ಹೇಳಲು ಅವರಿಗೆ ಅನುಮತಿಯಿರುವುದಿಲ್ಲ. ಇಂಥ ವಿಧಿಯ ಇಂಥ ಉಪವಿಧಿಯಲ್ಲಿ ಆ ಪದ ಉಳಿದಿದೆಯೇ ಎಂದು ಕೇಳಿದರೆ ತಲೆಯನ್ನಾದರೂ ಆಡಿಸುತ್ತಾರೆ. ಪ್ರತಿ ಬೆಳಿಗ್ಗೆ ಅರ್ತ್ ನೆಗೋಶಿಯೇಷನ್ಸ್ ಬುಲೆಟಿನ್ ತರುವ ಹಿಂದಿನ ದಿನದ ವರದಿಯನ್ನು ಓದದೆ ಓಣಿಗೆ ಇಳಿಯಬಾರದು. ಫೋನಿನ ಚಾರ್ಜರು, ಉದ್ದದ ತಂತಿ, ಒಂದು ಜೊತೆ ಒಣಗಿದ ಕಾಲುಚೀಲ ಇವು ಚೀಲದಲ್ಲಿರಲಿ. ಮತ್ತೊಂದು ಮಾತು, ಅಧಿಕೃತ ಅನುವಾದಕರ ಹೊತ್ತು ಸಾಮಾನ್ಯವಾಗಿ ಸಂಜೆ ಆರಕ್ಕೆ ಮುಗಿಯುತ್ತದೆ. ಅನಂತರದ ಮಾತೆಲ್ಲ ಇಂಗ್ಲಿಷಿನಲ್ಲಿ, ಫ್ರೆಂಚ್ ಅಥವಾ ಸ್ಪ್ಯಾನಿಷ್ ಮಾತಾಡುವ ನಿಯೋಗಗಳು ಆಗ ಎಷ್ಟು ದಣಿಯುತ್ತವೆ ಎಂಬುದನ್ನು ಕಣ್ಣಾರೆ ನೋಡಿದೆ.

ಶುಕ್ರವಾರ, ಮಾರ್ಚ್ 3, ಕೊನೆಯ ದಿನವಾಗಬೇಕಿತ್ತು. ನಾನು ಶನಿವಾರ ಸಂಜೆಗೆ ವಿಮಾನ ಕಾಯ್ದಿರಿಸಿದ್ದೆ. ಸಂಜೆ ಆರಾಯಿತು, ಎಂಟಾಯಿತು, ಸಮಾರೋಪದ ಸುಳಿವಿಲ್ಲ. ಹಣದ ಪ್ರಶ್ನೆ ಬಗೆಹರಿದಿಲ್ಲ ಎಂದು ಒಬ್ಬರು, ವಿವಾದಿತ ಸಮುದ್ರಗಳ ವಿಷಯಕ್ಕೆ ತಡೆಯಾಗಿದೆ ಎಂದು ಇನ್ನೊಬ್ಬರು. ಮಧ್ಯರಾತ್ರಿಯ ಮೇಲೆ ಕೆಫೆ ಮುಚ್ಚಿತು. ಓಣಿಯ ಗೋಡೆಗೆ ಒರಗಿ, ಕೋಟನ್ನು ಮಡಿಸಿ ತಲೆಗಿಟ್ಟುಕೊಂಡು ಮಲಗಿದವರಲ್ಲಿ ಯಾರು ರಾಯಭಾರಿ, ಯಾರು ವಿದ್ಯಾರ್ಥಿ ಎಂದು ಹೇಳುವಂತಿರಲಿಲ್ಲ. ನನ್ನ ಡಬ್ಬಿಯಲ್ಲಿ ಉಳಿದಿದ್ದ ಒಣ ಅವಲಕ್ಕಿಯನ್ನು ಪೆಸಿಫಿಕ್ ದ್ವೀಪದ ಯುವತಿಯೊಬ್ಬಳ ಜೊತೆ ಹಂಚಿಕೊಂಡೆ. ಅವಳು ಅದನ್ನು ಜೋಳದ ಯಾವುದೋ ತಿಂಡಿ ಎಂದು ತಿಳಿದಳು. ಬೆಳಕು ಹರಿಯಿತು. ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ವಿಮಾನ ಸಂಸ್ಥೆಗೆ ಫೋನು ಮಾಡಿ ಪ್ರಯಾಣವನ್ನು ಸೋಮವಾರಕ್ಕೆ ಬದಲಿಸಿದೆ. ಹದಿನೆಂಟು ಸಾವಿರ ಹೋಯಿತು, ಕೋಣೆಯ ಬಾಡಿಗೆ ಬೇರೆ. ಇಂಥ ಸಭೆಯ ಕೊನೆಯ ದಿನಕ್ಕೂ ನಿಮ್ಮ ವಿಮಾನಕ್ಕೂ ನಡುವೆ ಕನಿಷ್ಠ ಎರಡು ರಾತ್ರಿಗಳಿರಲಿ.

ಶನಿವಾರ ಇಡೀ ದಿನ ಹೀಗೆಯೇ ಸವೆಯಿತು. ರಾತ್ರಿ ಒಂಬತ್ತರ ಮೇಲೆ ಎಲ್ಲರನ್ನೂ ಒಳಗೆ ಕರೆದರು. ನನಗೆ ಕುರ್ಚಿ ಸಿಗಲಿಲ್ಲ, ಹಿಂದಿನ ಗೋಡೆಗೆ ಅಂಟಿ ನಿಂತೆ. ಸುಮಾರು ಒಂಬತ್ತೂವರೆಗೆ ರೆನಾ ಲೀ ಅವರು, "ಹಡಗು ದಡ ಸೇರಿದೆ" ಎಂದರು. ಅವರ ದನಿ ಗದ್ಗದವಾಗಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಆದರೆ ಅದರಲ್ಲಿ ಸಂತೋಷ ಎಷ್ಟು, ನಿದ್ದೆಗೇಡಿನ ಸುಸ್ತು ಎಷ್ಟು ಎಂದು ಬೇರ್ಪಡಿಸಲಾರೆ. ಊರಿನಲ್ಲಿ ಆಗ ಭಾನುವಾರ ಬೆಳಿಗ್ಗೆ ಎಂಟು. ಚಿಕ್ಕಪ್ಪ ಮೀನು ಕೊಳ್ಳಲು ಹೋಗಿದ್ದರು, ಫೋನು ಎತ್ತಲಿಲ್ಲ.

ಒಳಗೆ ಏನಾಗಿತ್ತು ಎಂಬುದು ಪಠ್ಯ ಕೈಗೆ ಬಂದ ಮೇಲೆ ತಿಳಿಯಿತು. ರಕ್ಷಿತ ಪ್ರದೇಶದ ವಿಷಯದಲ್ಲಿ ಮೊದಲು ಒಮ್ಮತಕ್ಕೆ ಪ್ರಯತ್ನಿಸಬೇಕು. ಆ ಪ್ರಯತ್ನ ಮುಗಿದಿದೆ ಎಂದು ಮೂರನೆಯ ಎರಡು ಬಹುಮತದಿಂದ ತೀರ್ಮಾನಿಸಿದ ಮೇಲೆ, ನಾಲ್ಕನೆಯ ಮೂರು ಬಹುಮತದಿಂದ ಘೋಷಿಸಬಹುದು. ಒಪ್ಪದ ದೇಶ 120 ದಿನಗಳೊಳಗೆ, ನಿರ್ದಿಷ್ಟ ಕಾರಣಗಳನ್ನು ಕೊಟ್ಟು, ಆಕ್ಷೇಪಿಸಿ ಹೊರಗುಳಿಯಬಹುದು. ಒಂದೇ ದೇಶದ ಕೈಯಲ್ಲಿ ಬೀಗವಿಲ್ಲ ಎಂಬುದು ನನ್ನ ಮಟ್ಟಿಗೆ ಇಡೀ ಒಪ್ಪಂದದ ದೊಡ್ಡ ಗೆಲುವು. ಬೇರೆ ಸಂಸ್ಥೆಗಳ ಅಧಿಕಾರದ ವಿಷಯದಲ್ಲಿ ಮಾತ್ರ ಒಪ್ಪಂದಕ್ಕೆ ಸೇರಿದ ದೇಶಗಳ ಹೊಸ ಸಮ್ಮೇಳನ ಶಿಫಾರಸು ಮಾಡಬಹುದೇ ಹೊರತು ಅಪ್ಪಣೆ ಕೊಡಲಾಗದು. ಬೊಂಡಾಸಿನ ಹಡಗುಗಳಿಗೆ ಇದರಿಂದ ನಾಳೆಯೇ ತಡೆ ಬೀಳುತ್ತದೆ ಎಂದು ಯಾರೂ ಭಾವಿಸಬಾರದು. ವಿವಾದಿತ ಸಮುದ್ರಗಳ ಕುರಿತು, ಯಾವುದೇ ದೇಶದ ವ್ಯಾಪ್ತಿಯೊಳಗಿನ ಜಾಗದ ಪ್ರಸ್ತಾಪವನ್ನು ಪರಿಗಣಿಸುವಂತಿಲ್ಲ, ಯಾವ ಹಕ್ಕುಸಾಧನೆಗೂ ಇದನ್ನು ಆಧಾರ ಮಾಡಿಕೊಳ್ಳುವಂತಿಲ್ಲ ಎಂದು ಬರೆದರು. ಪರಿಸರ ಪರಿಣಾಮದ ಮೌಲ್ಯಮಾಪನ ಕಡ್ಡಾಯ, ಆದರೆ ಅದರ ಮೇಲೆ ಅಂತಿಮ ನಿರ್ಧಾರ ಆಯಾ ದೇಶದ್ದೇ. ಇದು ನನಗೆ ನಿರಾಶೆ ತಂದ ಭಾಗ. ಹಣದ ವಿಷಯದಲ್ಲಿ ಶ್ರೀಮಂತ ದೇಶಗಳು ಒಪ್ಪಂದದ ಬಜೆಟ್ಟಿಗೆ ತಾವು ಕೊಡುವ ವಂತಿಗೆಯ ಶೇಕಡಾ 50ರಷ್ಟನ್ನು ವಿಶೇಷ ನಿಧಿಗೆ ಪ್ರತಿ ವರ್ಷ ಕಟ್ಟಬೇಕು. ಮುಂದೆ ಲಾಭ ಹಂಚಿಕೆಗೆ ಬೇರೆ ವಿಧಾನ ತೀರ್ಮಾನವಾಗುವವರೆಗೆ ಇದೇ ವ್ಯವಸ್ಥೆ. ಶುಕ್ರವಾರ ರಾತ್ರಿಯ ನಮ್ಮ ನಿದ್ದೆಯ ಒಂದು ಪಾಲನ್ನು ತಿಂದದ್ದು ಈ ಹಣದ ಲೆಕ್ಕ.

ಮಾರ್ಚಿನಲ್ಲಿ ಒಪ್ಪಿಗೆಯಾದದ್ದನ್ನು ಅಂದೇ ವಿಧ್ಯುಕ್ತವಾಗಿ ಅಂಗೀಕರಿಸಲಾಗಲಿಲ್ಲ. ಪದಗಳ ಬಳಕೆ ಎಲ್ಲೆಡೆ ಒಂದೇ ತೆರನಾಗಿದೆಯೇ ಎಂದು ತಜ್ಞರು ನೋಡಬೇಕಿತ್ತು, ಆರೂ ಅಧಿಕೃತ ಭಾಷೆಗಳ ಪಠ್ಯ ಹೊಂದಬೇಕಿತ್ತು. ಜೂನ್ ಸಭೆಗೆ ಮತ್ತೆ ಹೋಗುವ ಶಕ್ತಿ ನನ್ನ ಖಾತೆಗೆ ಇರಲಿಲ್ಲ. ಮನೆಯಲ್ಲೇ, ಮಳೆಗೆ ವಿದ್ಯುತ್ತು ಹೋಗಿ ಬರುತ್ತಿದ್ದ ಸಂಜೆ, ಫೋನಿನಲ್ಲಿ ನೋಡಿದೆ. ಒಮ್ಮತದಿಂದ ಅಂಗೀಕಾರವಾಯಿತು. ತಾನು ಆ ಒಮ್ಮತದ ಭಾಗವಲ್ಲ ಎಂದು ರಷ್ಯಾ ಹೇಳಿತು. ಒಟ್ಟು 76 ವಿಧಿಗಳು, ಎಲ್ಲಿಯೂ ಚೌಕ ಆವರಣವಿಲ್ಲ.

ಆಗ ಮುಂದಿದ್ದದ್ದು ಇಷ್ಟು: 2023ರ ಸೆಪ್ಟೆಂಬರ್ 20ರಿಂದ ಎರಡು ವರ್ಷ ಸಹಿಗೆ ಅವಕಾಶವಿತ್ತು. ಸಹಿ ಮಾಡಿದ ಮಾತ್ರಕ್ಕೆ ದೇಶ ಬದ್ಧವಾಗುವುದಿಲ್ಲ, ತನ್ನ ಕಾನೂನಿನಂತೆ ಸ್ಥಿರೀಕರಿಸಬೇಕು. ಅರುವತ್ತು ದೇಶಗಳು ಸ್ಥಿರೀಕರಿಸಿ 120 ದಿನ ಕಳೆದ ಮೇಲೆ ಒಪ್ಪಂದ ಜಾರಿಗೆ ಬರಬೇಕಿತ್ತು, ಆಮೇಲೆ ಒಂದು ವರ್ಷದೊಳಗೆ ಪಕ್ಷರಾಷ್ಟ್ರಗಳ, ಅಂದರೆ ಸ್ಥಿರೀಕರಿಸಿದ ದೇಶಗಳ, ಮೊದಲ ಸಮ್ಮೇಳನ. ವೀಕ್ಷಕರಾಗಿ ಅಂಥ ಸಮ್ಮೇಳನಗಳಿಗೆ ಹೋಗಬಯಸುವ ಸಂಸ್ಥೆಗಳು ಮಾನ್ಯತೆಯ ಅರ್ಜಿಯ ಬಗ್ಗೆ ಬಹಳ ಮೊದಲೇ ಯೋಚಿಸಬೇಕು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಸಲಹಾ ಸ್ಥಾನ ಪಡೆಯುವುದು ತಿಂಗಳುಗಳ ಕೆಲಸವಲ್ಲ, ವರ್ಷಗಳದ್ದು.

ನನ್ನ ವೀಸಾದ ಅವಧಿ 2033ರವರೆಗೆ ಇದೆ, ಎಫ್‌ಎನ್‌ಯು ಎಂಬ ಹೆಸರಿನ ಸಮೇತ. ಚಿಕ್ಕಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿ, "ಅಷ್ಟರೊಳಗೆ ಅರುವತ್ತ್ ಆತ್ತಾ?" ಎಂದು ಕೇಳಿದರು.